ಬಲಕ್ಕೆ ತಿರುಗದ ಕಾರು

"ಎಡಕ್ಕೆ ಬೆಣ್ಣೆ ಹಾಗೆ ತಿರುಗುತ್ತೆ. ಬಲಕ್ಕೆ ಅರ್ಧ ಹೋಗಿ ಕಚ್ಕೊಳ್ಳುತ್ತೆ," ಎನ್ನುತ್ತ ಅತ್ತೆ ಎಂಜಿನ್ ಆರಿಸಿದರು.

ಬಾನೆಟ್ಟಿನೊಳಗೆ ತಲೆ ತೂರಿಸಿದ್ದ ಮೇಸ್ತ್ರಿ ಹೊರಬಂದ. "ಸ್ಟೇರಿಂಗ್ ಬಾಕ್ಸ್ ಎರಡು ಸಲ ಬಿಚ್ಚಿ ಕಟ್ಟಿದೀನಮ್ಮ. ಎಂಜಿನ್ ಆರಿದೆಯಲ್ಲ, ಈಗ ತಿರುಗಿಸಿ ನೋಡಿ, ಸಲೀಸಾಗಿ ಹೋಗುತ್ತೆ. ನನಗಂತೂ ಇದರ ತಲೆಬುಡ ಗೊತ್ತಾಗ್ತಿಲ್ಲ."

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಆಗೆಲ್ಲ ಹೊತ್ತಲ್ಲದ ಹೊತ್ತಿನಲ್ಲಿ ಊರೆಲ್ಲ ಸುತ್ತುತ್ತಿದ್ದುದು ಇದೇ ಕಾರಿನಲ್ಲಿ. ಕಣ್ಣಿಗೆ ಪೊರೆ ಬಂದ ಮೇಲೆ ಅದು ಶೆಡ್ಡು ಸೇರಿತು. ಪೊರೆ ತೆಗೆಸಿ ಕಣ್ಣು ಚುರುಕಾಯಿತು ಎನ್ನುವಷ್ಟರಲ್ಲಿ ಕಾರು ಮೊಂಡು ಹಿಡಿದಿತ್ತು. ಅಮ್ಮ ಎಲ್ಲಾದರೂ ಗುದ್ದಿಕೊಂಡಾರೆಂದು ಹೆದರಿ ಮಗ ಅದನ್ನು ಹೋಟೆಲಿನವರಿಗೆ ಕೊಡುವುದಾಗಿ ಒಪ್ಪಿಬಿಟ್ಟಿದ್ದ. ಎಂಜಿನ್ ಕಿತ್ತು, ಹೋಟೆಲಿನ ಮುಂದೆ ಶೋಕಿಗೆ ನಿಲ್ಲಿಸುತ್ತಾರಂತೆ. ಸಂಜೆ ಬರುವವರಿದ್ದರು.

ಸೊಸೆ ಹಲ್ಲಿನ ಡಾಕ್ಟರು. ಊಟಕ್ಕೆಂದು ಕ್ಲಿನಿಕ್ಕಿನಿಂದ ಬಂದವಳು ಶೆಡ್ಡಿನ ಬಾಗಿಲಲ್ಲೇ ನಿಂತಳು.

"ಎಂಜಿನ್ ಓಡುವಾಗ ಮಾತ್ರಾನಾ ಅತ್ತೆ?"

"ಹೂಂ ಕಣೆ."

"ನನ್ನ ಪೇಶೆಂಟುಗಳೂ ಹೀಗೇ. ಬಾಯಿ ತೆರೆದು ನೋಡಿದ್ರೆ ಎಲ್ಲ ಸರಿ. ಅಗಿಯುವಾಗ ಮಾತ್ರ ಎಲ್ಲೋ ತಾಗುತ್ತೆ."

ಅವಳು ಚೀಲದಿಂದ ನೀಲಿ ಕಾಗದದ ಪಟ್ಟಿ ತೆಗೆದಳು. ಹಲ್ಲಿನ ನಡುವೆ ಇಟ್ಟು ಕಚ್ಚಿಸಿದರೆ, ತಾಗುವ ಕಡೆ ಬಣ್ಣ ಹತ್ತುವಂಥದ್ದು.

"ಕಾರಿಗೆಲ್ಲಿಂದ ಬಂತು ಡಾಕ್ಟ್ರೇ ಹಲ್ಲು?" ಮೇಸ್ತ್ರಿ ನಕ್ಕ.

"ಗೇರಿಗೆ ಇಲ್ವಾ? ಸ್ಟೇರಿಂಗ್ ತಿರುಗಿಸಿದಾಗ ಕೆಳಗೆ ಅಲ್ಲಾಡೋದು ಯಾವುದೋ ಅದಕ್ಕೆ ಸುತ್ತಿ ನೋಡಿ."

ಮೇಸ್ತ್ರಿ ನಗುತ್ತಲೇ ಕೆಳಗೆ ತೂರಿ, ಎಂಜಿನ್ನಿನ ಅಡಿ ಹಾದುಹೋಗುವ ಸ್ಟೇರಿಂಗ್ ಸರಳಿಗೆ ಆ ಪಟ್ಟಿಯನ್ನು ಸುತ್ತಿ ಹೊರಬಂದ. ಅತ್ತೆ ಎಂಜಿನ್ ಚಾಲು ಮಾಡಿ, ಆಕ್ಸಿಲರೇಟರ್ ಒತ್ತಿ, ಬಲಕ್ಕೆ ತಿರುಗಿಸಿದರು. ಕಚ್ಚಿಕೊಂಡಿತು. ಆರಿಸಿದರು. ಮೇಸ್ತ್ರಿ ಟಾರ್ಚು ಹಿಡಿದು ಮತ್ತೆ ಕೆಳಗೆ ಹೋದ.

"ಎಂಜಿನ್ನಿನ ತಳಕ್ಕೆ ನೀಲಿ ಹತ್ತಿದೆ," ಎಂಬ ದನಿ ಬಂತು. "ಒಂದು ಕಡೆ ಎಂಜಿನ್ ಹೊತ್ತಿರೋ ರಬ್ಬರು ಕುಸಿದು ಎಂಜಿನ್ನೇ ಕೆಳಗಿಳಿದಿದೆ ಅಮ್ಮ. ಬಲಕ್ಕೆ ತಿರುಗಿಸಿದ್ರೆ ಸರಳು ಅದೇ ಕಡೆ ಸರಿಯುತ್ತೆ, ಎಂಜಿನ್ ಓಡುವಾಗ ಅಲ್ಲಾಡಿ ಅದರ ಮೇಲೆ ಕೂತ್ಕೊಳ್ಳುತ್ತೆ. ನಾನು ಸುಮ್ಮಸುಮ್ಮನೆ ಸ್ಟೇರಿಂಗನ್ನ ಬೈದೆ, ಪಾಪ."

ಹಲಗೆ ಕೊಟ್ಟು ಜಾಕಿಯಿಂದ ಎಂಜಿನ್ ಎತ್ತಿ ಆ ರಬ್ಬರನ್ನು ಹೊರಗೆಳೆದ. ಹಳೆ ಚಪ್ಪಲಿಯ ಹಿಮ್ಮಡಿಯ ಹಾಗೆ ಸವೆದು ಚಪ್ಪಟೆಯಾಗಿತ್ತು. ಅಂಗಡಿಗೆ ಓಡಿ ಹೊಸದು ತಂದು ಕೂರಿಸಿದ. ಸೊಸೆ ಹಳೆ ಸೀರೆ ಹಾಸಿ ತಾನೂ ಕೆಳಗೆ ತೂರಿ, ಸರಳಿಗೂ ಎಂಜಿನ್ನಿಗೂ ನಡುವೆ ಬೆರಳಿಟ್ಟು ನೋಡಿದಳು. ಬೆರಳು ಆರಾಮಾಗಿ ಹೋಗಿ ಬಂತು. ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಫೋನು.

"ಬಂದೆ. ಅಲ್ಲೀವರೆಗೂ ಬಾಯಿ ಮುಕ್ಕಳಿಸ್ತಾ ಇರೋಕೆ ಹೇಳಿ," ಎಂದಳು, ಕಾರಿನಡಿಯಿಂದಲೇ.

ಸಂಜೆ ಹೋಟೆಲಿನವರು ಆಟೋದಲ್ಲಿ ಬಂದಿಳಿದಾಗ ಕೈಯಲ್ಲೊಂದು ಹೂಕುಂಡವಿತ್ತು. ಬಾನೆಟ್ಟಿನ ಮೇಲೆ ಹೇಗೆ ಕಾಣುತ್ತದೆಂದು ನೋಡಲು ತಂದಿದ್ದರು. ಅತ್ತೆ ಆಗಲೇ ಸೀಟಿನಲ್ಲಿದ್ದರು.

"ಮಗ ನನ್ನನ್ನ ಕೇಳದೆ ಒಪ್ಕೊಂಡಿದ್ದ, ಬೇಜಾರು ಮಾಡ್ಕೋಬೇಡಿ. ಕೊಡಲ್ಲ. ಹತ್ತಿ, ಹೋಟೆಲಿಗೆ ಬಿಟ್ಟು ಬರ್ತೀನಿ."

ಹೋಟೆಲಿನವರು ಸೊಸೆಯ ಮುಖ ನೋಡಿದರು. ಕ್ಲಿನಿಕ್ಕಿನಿಂದ ಮರಳಿದ್ದ ಅವಳು ಹಿಂದಿನ ಬಾಗಿಲು ತೆರೆದು ಹಿಡಿದಿದ್ದಳು. ಬೇರೆ ದಾರಿ ಕಾಣದೆ ಹತ್ತಿ ಕೂತರು.

ಕಾರು ಗೇಟು ದಾಟಿ ಬಲಕ್ಕೆ ಹೊರಳಿತು. ಹಿಂದಿನ ಕಿಟಕಿಯಲ್ಲಿ, ಹೋಟೆಲಿನವರ ತೊಡೆಯ ಮೇಲಿದ್ದ ಗಿಡ ಒಮ್ಮೆ ಎಡಕ್ಕೆ ವಾಲಿ, ಮತ್ತೆ ನೆಟ್ಟಗಾಯಿತು.