ಹನ್ನೆರಡು ಜೊತೆ ಕಾಲು

"ಎತ್ತೇ ಕಾಲು. ಥೂ, ಕಾಲಾ ಇದು? ಕೊಳೆತ ಗೆಣಸು. ಕೆಳಗಿಡು ಮುಂಡೇದೇ, ವಾಂತಿ ಬರುತ್ತೆ. ನೀನು ಬೇಡ. ಮುಂದಿನವಳು ಬಾ."

ಮೇಸ್ತ್ರಿ ಕಾಲು ಆರಿಸುತ್ತಿದ್ದ. ಇದು ನಡೆದ ಕಥೆ; ಕಾಲಿನ ಕಥೆಯಾದ್ದರಿಂದ ನಡೆದೇ ಇರಬೇಕು.

ನಮ್ಮದು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ. ಇಸ್ತ್ರಿ ಮಾಡಿ ಮಡಚುವವರದು ಒಣ ನೆಲ. ರಕ್ತದ ಕಲೆ ತೆಗೆಯುವ ನಮ್ಮದು ತೊಟ್ಟಿ ಕೋಣೆ. ಅಲ್ಲಿ ತೊಟ್ಟಿ ತುಂಬಿ ಚೆಲ್ಲಿದ ಬ್ಲೀಚಿಂಗ್ ನೀರು ನೆಲದ ತುಂಬ ಬೆರಳು ಮುಳುಗುವಷ್ಟು ನಿಂತಿರುತ್ತದೆ. ಅದರಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಬರಿಗಾಲು. ಹಾಸುಬಟ್ಟೆಗಳು ಬೆಳ್ಳಗಾಗುತ್ತವೆ, ನಮ್ಮ ಬೆರಳ ಸಂದಿಗಳೂ.

ಯಜಮಾನರು ಭಾರಿ ಭಕ್ತರು. ದಿನಾ ಬೆಳಿಗ್ಗೆ ಮೈಕಿನಲ್ಲಿ ಪ್ರಾರ್ಥನೆ. ಯೇಸು ಸಾಯುವ ಹಿಂದಿನ ದಿನ ಹನ್ನೆರಡು ಜನ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಆ ಗುರುವಾರ ನಮ್ಮ ಹನ್ನೆರಡು ಜನರ ಕಾಲನ್ನು ತಾವೇ ತೊಳೆಯುವುದಾಗಿ ಸಾರಿದ್ದರು. ಪಾದ ತೊಳೆಯುವುದನ್ನು ನೋಡಲು ಪಾದ್ರಿಯೂ ಬರುವವರಿದ್ದರು, ಫೋಟೊದವನೂ.

"ಯಾಕಂತೆ?" ಎಂದು ಎಲ್ಲರಿಗೂ ಅನುಮಾನ. ನಮ್ಮ ಯಜಮಾನರು ಬಗ್ಗುತ್ತಾರೆ ಅಂದರೆ ಕೆಳಗೆ ಏನೋ ಬಿದ್ದಿದೆ ಎಂದೇ ಅರ್ಥ.

ಮೇಸ್ತ್ರಿ ಹನ್ನೆರಡು ಜನರನ್ನೂ ಇಸ್ತ್ರಿ ಕಡೆಯಿಂದಲೇ ಆರಿಸಿದ. "ನಾಳೆ ಸೋಪು ಹಾಕಿ ತಿಕ್ಕಿ ತೊಳ್ಕೊಂಡು ಬನ್ರೋ. ಯಜಮಾನ್ರು ತೊಳೆಯೋ ಕಾಲು ಗಲೀಜಾಗಿ ಇರ್ಬಾರ್ದು."

ಪಟ್ಟಿಯಲ್ಲಿ ಪಟ್ಟಿ ಅಜ್ಜಿ ಇರಲಿಲ್ಲ. ಗೆಣಸು ಎನ್ನಿಸಿಕೊಂಡದ್ದು ಅವಳ ಕಾಲೇ. ಊಟದ ಹೊತ್ತಿನಲ್ಲಿ ಬಾಯ್ಲರಿನ ಬಿಸಿನೀರು ತಂದು, ನಮ್ಮ ಕಾಲು ಒಬ್ಬೊಬ್ಬರದಾಗಿ ತೊಳೆದು, ಹರಿದ ಹಾಸುಬಟ್ಟೆಯ ಪಟ್ಟಿ ಕಟ್ಟುತ್ತಿದ್ದಳು. ಯಾರೂ ಕೇಳಿರಲಿಲ್ಲ. ಯಜಮಾನರು ಹೋಗುವ ಚರ್ಚಿಗೇ ಹೋಗುವವಳು, ಕೊನೆಯ ಬೆಂಚು. ಹಾಗಾಗಿ ನನಗೆ ಅವಳ ಮೇಲೆ ಮೊದಲಿನಿಂದಲೂ ಗುಮಾನಿ: ಕಾಲು ಹಿಡಿದು ಮಾತು ಕಕ್ಕಿಸಿ ಮೇಲೆ ಒಪ್ಪಿಸುತ್ತಾಳೋ ಏನೋ.

"ಇದ್ರಿಂದ ನಿಂಗೇನು ಸಿಗುತ್ತೆ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ.

"ನಿನ್ನ ಕಾಲು ಸಿಗುತ್ತೆ. ಅಲ್ಲಾಡಿಸ್ಬೇಡ."

ಆ ತಿಂಗಳು ಡಾಕ್ಟರು ಅವಳಿಗೆ ಹೇಳಿದ್ದರು: ಇನ್ನೂ ಆ ನೀರಿನಲ್ಲಿ ಬರಿಗಾಲಲ್ಲಿ ನಿಂತರೆ ಬಲಗಾಲಿನ ಎರಡು ಬೆರಳು ತೆಗೆಯಬೇಕಾಗುತ್ತದೆ. ಅಜ್ಜಿ ಆಫೀಸಿಗೆ ಹೋಗಿ ತೊಟ್ಟಿಯವರಿಗೆಲ್ಲ ಬೂಟು ಕೇಳಿದಳು. ಯಜಮಾನರು ಕಣ್ಣು ಮುಚ್ಚಿ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದರು. ಕೈ ತಲೆಯ ಮೇಲಿತ್ತು, ಹುಣ್ಣು ಕಾಲಲ್ಲಿತ್ತು.

ಮೈಕ್ ಹಚ್ಚಿಕೊಡುವುದು ನನ್ನ ಕೆಲಸ. ಕಾಲೇಜು ಮುಗಿಸಿದವನೆಂದು ಎಲ್ಲರೂ ನನ್ನನ್ನು ಡಿಗ್ರಿ ಎನ್ನುತ್ತಾರೆ. ಆ ಓದಿನಲ್ಲಿ ನಾನು ಚೆನ್ನಾಗಿ ಕಲಿತದ್ದು ಮೇಷ್ಟರುಗಳ ದನಿ ತೆಗೆಯುವುದೊಂದೇ. ಯಜಮಾನರದ್ದು ಸುಲಭ: ಎರಡು ಸಲ ಕೆಮ್ಮಬೇಕು, ಮೂಗಿನಲ್ಲಿ "ಪ್ರೀತಿಯ ಮಕ್ಕಳೇ" ಅನ್ನಬೇಕು.

ಗುರುವಾರ ಬೆಳಿಗ್ಗೆ ಯಜಮಾನರು ಪಾದ್ರಿಯನ್ನು ಕರೆತರಲು ಗೇಟಿಗೆ ಹೋದರು. ನಾನು ಆಫೀಸಿನ ಬಾಗಿಲು ಹಾಕಿಕೊಂಡು ಎರಡು ಸಲ ಕೆಮ್ಮಿದೆ.

"ಪ್ರೀತಿಯ ಮಕ್ಕಳೇ. ಮೇಸ್ತ್ರಿ, ಇಸ್ತ್ರಿಯವರು ಬೇಡ. ಹನ್ನೆರಡೂ ತೊಟ್ಟಿಯವರೇ ಆಗಲಿ. ಪಟ್ಟಿ ಅಜ್ಜಿ, ನೀವು ಮೊದಲನೇ ಕುರ್ಚಿಗೆ ಬನ್ನಿ."

ಮೈಕಿಗೆ ಎದುರಾಡಿ ಮೇಸ್ತ್ರಿಗೆ ಅಭ್ಯಾಸವಿಲ್ಲ. ಯಜಮಾನರು ಬರುವಷ್ಟರಲ್ಲಿ, ಫೋಟೊ ಚೆನ್ನಾಗಿ ಬರಲೆಂದು ತೊಟ್ಟಿ ಕೋಣೆಯ ನಡುವೆ ಹಾಸಿದ್ದ ಹಲಗೆಯ ಮೇಲೆ ಹನ್ನೆರಡು ಕುರ್ಚಿ, ಹನ್ನೆರಡು ಜೊತೆ ಕಾಲು ಸಿದ್ಧವಾಗಿದ್ದವು. ನಾನು ಮೂರನೆಯವನು. ಕುರ್ಚಿಗಳಲ್ಲಿ ತೊಟ್ಟಿಯವರನ್ನು ಕಂಡು ಯಜಮಾನರು ಮೇಸ್ತ್ರಿಯನ್ನು ದುರುಗುಟ್ಟಿದರು, ಪಾದ್ರಿ ಪಕ್ಕದಲ್ಲಿದ್ದುದರಿಂದ ಅಷ್ಟಕ್ಕೇ ಬಿಟ್ಟರು.

ಯಜಮಾನರು ವಿನಯದಿಂದ ಬೂಟು, ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟರು. ಸೊಂಟಕ್ಕೆ ಟವೆಲ್ಲು ಕಟ್ಟಿ ಮೊಣಕಾಲೂರಿದರು. ಅಜ್ಜಿ ಪಟ್ಟಿ ಬಿಚ್ಚಿದಳು. ವಾಸನೆ ಮೊದಲು ಬಂತು. ಪಾದ್ರಿ ಕರ್ಚೀಫು ತೆಗೆದರು. ಯಜಮಾನರ ಕೈ ಬೋಗುಣಿಯ ಮೇಲೇ ನಿಂತುಬಿಟ್ಟಿತು. ಅವರು ಮೇಸ್ತ್ರಿಯ ಕಡೆ ಕುತ್ತಿಗೆ ತಿರುಗಿಸಿ ಪಿಸುಗುಟ್ಟಿದರು. ಪ್ರಾರ್ಥನೆಗೆಂದು ನಾನು ಹಚ್ಚಿಟ್ಟಿದ್ದ ಮೈಕು ಪಕ್ಕದಲ್ಲೇ ಇತ್ತು.

"ಗ್ಲೌಸ್ ತಗೊಂಬಾರೋ ಬೋಳಿಮಗನೇ."

ನಾಲ್ಕೂ ಗೋಡೆಯ ಸ್ಪೀಕರುಗಳು ಅದನ್ನೇ ಹೇಳಿದವು. ಮೇಸ್ತ್ರಿ ತಟ್ಟನೆ ನನ್ನ ಕಡೆ ನೋಡಿದ. ಆ ದನಿ ಮಾತ್ರ ನನ್ನದಲ್ಲ.

ಗ್ಲೌಸ್ ಬಂತು, ಮೊಣಕೈವರೆಗಿನದು. ಅಜ್ಜಿ ಕಾಲನ್ನು ಬೋಗುಣಿಯೊಳಗೆ ಇಳಿಸಿದಳು.

"ಹಾಕ್ಕೊಳ್ಳಿ ಯಜಮಾನ್ರೇ, ತಪ್ಪೇನಿಲ್ಲ. ಕೈ ಹಾಳಾಗ್ಬಾರ್ದು. ಈ ಕಾಲನ್ನ ಹಾಳು ಮಾಡಿರೋ ನೀರಿಗೆ ಕೈ ಹಾಳು ಮಾಡೋಕೆ ಒಂದು ಗಳಿಗೆ ಸಾಕು."

ಯಜಮಾನರು ತೊಳೆದರು. ಎರಡೂ ಕಾಲು. ಒರೆಸಿದರು ಕೂಡ. ಫೋಟೊದವನು ಒಂದೂ ಬಿಡಲಿಲ್ಲ.

"ಆಯ್ತಮ್ಮ, ಏಳು."

"ಎಲ್ಲಿಗೆ ಏಳ್ಲಿ? ತೊಳೆದ ಕಾಲನ್ನ ಮತ್ತೆ ಅದೇ ನೀರಿಗೆ ಇಳಿಸಿದ್ರೆ ನೀವು ಮಾಡಿದ್ದು ದಂಡ ಆಗುತ್ತೆ." ಅಜ್ಜಿ ಬಗ್ಗಿ, ಸೊಂಟದಿಂದ ಹೊಸ ಪಟ್ಟಿ ತೆಗೆದು ಬೆರಳಿಗೆ ಸುತ್ತಿದಳು. ಆಮೇಲೆ ಪಕ್ಕದಲ್ಲಿದ್ದ ಯಜಮಾನರ ಕಾಲುಚೀಲ ಏರಿಸಿ, ಅವರ ಕರೀ ಬೂಟಿಗೆ ಕಾಲು ತೂರಿಸಿದಳು. ಬೂಟು ಎರಡು ಬೆರಳಷ್ಟು ದೊಡ್ಡದಾಯಿತು. ದಾರ ಎಳೆದು ಬಿಗಿದಳು.

"ಏಯ್, ಏಯ್ ಅಜ್ಜಿ," ಎಂದ ಮೇಸ್ತ್ರಿ.

"ಬಾಯ್ಮುಚ್ಚೋ. ಸಂಜೆ ಒರೆಸಿ ಕೊಡ್ತೀನಿ. ನಾಳೆಗೆ ನಮ್ಮ ಬೂಟು ಬಂದ್ರೆ ಇವ್ರದ್ದು ಇವ್ರಿಗೆ. ಬರ್ಲಿಲ್ಲ ಅಂದ್ರೆ ನಾಳೆ ಡಿಗ್ರಿ ಹಾಕ್ಕೋತಾನೆ, ನಾಡಿದ್ದು ಇನ್ನೊಬ್ರು."

ಹಲಗೆಯಿಂದ ಇಳಿಯುವಾಗ ನನ್ನ ಹತ್ತಿರ ನಿಂತಳು. "ಯಜಮಾನ್ರು ನನ್ನ ಯಾವತ್ತಾದ್ರೂ 'ನೀವು ಬನ್ನಿ' ಅಂದಿದ್ದುಂಟೇನೋ ಪೆದ್ದ? ಅಲ್ಲೇ ಗೊತ್ತಾಯ್ತು ನೀನೇ ಅಂತ."

"ಮತ್ತೆ ಯಾಕೆ ಬಂದೆ?"

"ಕರೆದ್ಯಲ್ಲ."

ಅವಳು ತಿರುಗಿ ಯಜಮಾನರ ಕೈಗೆ ಇನ್ನೊಂದು ಪಟ್ಟಿ ಕೊಟ್ಟಳು, ನಮಗೆಲ್ಲ ಕೊಡುವ ಹಾಗೆಯೇ. "ಉರಿ ಶುರುವಾದ್ರೆ ಇದನ್ನ ಕಟ್ಕೊಳ್ಳಿ. ತುರಿಸ್ಬೇಡಿ, ಹೆಚ್ಚಾಗುತ್ತೆ." ಆಮೇಲೆ ಚರಕ್ ಚರಕ್ ಎಂದು ನೀರು ತುಳಿಯುತ್ತ ತೊಟ್ಟಿಗೆ ಹೋಗಿ ಹಾಸುಬಟ್ಟೆ ಎತ್ತಿಕೊಂಡಳು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇಸ್ತ್ರಿಯವರಲ್ಲಿ ಯಾರೋ ಕಿಸಕ್ಕೆಂದರು. ನಾವು ಹನ್ನೊಂದು ಜನ ಶುರುಮಾಡಿದೆವು. ಪಾದ್ರಿಯ ಭುಜ ಕರ್ಚೀಫಿನ ಹಿಂದೆ ಕುಣಿಯುತ್ತಿತ್ತು. ಕ್ಯಾಮೆರಾ ತಮ್ಮ ಕಡೆ ತಿರುಗಿದ್ದನ್ನು ಯಜಮಾನರು ಕಂಡರು, ಕಂಡವರೇ ನಕ್ಕರು. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣು ಮಾತ್ರ ನಮ್ಮ ಮುಖಗಳನ್ನು ಒಂದೊಂದಾಗಿ ಗುರುತಿಟ್ಟುಕೊಳ್ಳುತ್ತ.

ಹಲಗೆಯಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಅಷ್ಟೂ ನೀರು. ಯಜಮಾನರು ಒಂದು ಬರಿಗಾಲು ಇಳಿಸಿದರು. ಎತ್ತಿದರು. ಇನ್ನೊಂದನ್ನು ಇಳಿಸಿದರು. ಪಟ್ಟಿ ಕೈಯಲ್ಲೇ ಇತ್ತು, ನಗು ನಿಂತಿರಲಿಲ್ಲ.