ಹಿತ್ತಾಳೆ ಬೋರ್ಡಿನ ಮುಹೂರ್ತ

ಕೇಶ್ವಾಪುರದಲ್ಲಿ ಚನ್ನಬಸವ್ವನ ಹೊಸ ಖಾನಾವಳಿಯ ಮುಂದೆ ಬೀಗರು, ನೆಂಟರು ನೆರೆದಿದ್ದರು. ಆಕೆ ಮಾತ್ರ ಗಬ್ಬೂರಿನಲ್ಲಿ, ಬೋರ್ಡು ಕೊರೆಯುವ ಇಕ್ಬಾಲನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಹನ್ನೆರಡಕ್ಕೆ ರಾಹುಕಾಲ; ಅಷ್ಟರೊಳಗೆ ಬೋರ್ಡು ಏರಬೇಕು. ಹಿತ್ತಾಳೆ ತಗಡಿನ ಮೇಲೆ ಯಂತ್ರ ಇನ್ನೂ ಅವಳ ಹೆಸರನ್ನೇ ಕೊರೆಯುತ್ತಿತ್ತು.

"ತಾಸಿನ್ಯಾಗ ಮುಗೀತೈತಿ ಅಂದಿದ್ದೆಲ್ಲೋ ಇಕ್ಬಾಲಾ?"

"ಕಂಪ್ಯೂಟರ್ ಹಂಗ ತೋರಿಸಿತ್ರಿ ಯವ್ವಾ."

ಇಂಗ್ಲಿಷ್ ಬೋರ್ಡುಗಳಿಗೆ ಆ ಲೆಕ್ಕ ಹೆಚ್ಚುಕಡಿಮೆ ಕೂಡಿಬರುತ್ತಿತ್ತು. ಅವುಗಳಲ್ಲಿ ನೆಟ್ಟನೆಯ ಗೆರೆಗಳೇ ಹೆಚ್ಚು. ಕನ್ನಡದ ದುಂಡನೆಯ ಅಕ್ಷರಕ್ಕೆ ಬಂದರೆ ಕೊರೆಯುವ ಬಿಟ್ ತಿರುವು ತಿರುವಿಗೂ ನಿಧಾನವಾಗುತ್ತದೆ, ಒತ್ತಕ್ಷರಕ್ಕೆ ಎದ್ದು ಮತ್ತೆ ಇಳಿಯುತ್ತದೆ. ಅದು ಇಕ್ಬಾಲನಿಗೆ ಹೊಳೆದಿರಲೇ ಇಲ್ಲ.

"ಜೋರ ಓಡಸೋ ಮತ್ತ!"

"ಬಿಟ್ ಮುರೀತೈತ್ರಿ. ತಗಡೂ ಹಾಳಾಕ್ಕೈತಿ."

ಹನ್ನೆರಡು ದಾಟಿತು. ಚನ್ನಬಸವ್ವ ಎದ್ದು ಸೆರಗು ಕೊಡವಿದಳು.

"ನೂರು ರೊಟ್ಟಿ ಯಾವಾಗ ಆಕ್ಕಾವ ಅಂತ ಕೇಳಿದ್ರ, ನಾ ಮೊದಲ ಒಂದ ಬಡದು ನೋಡಿ ಹೇಳ್ತೇನಿ. ನೀ ಒಂದ ಅಕ್ಷರಾನೂ ಕೊರದು ನೋಡಲಿಲ್ಲಲೋ, ಭಾಡ್ಯಾ."

ಬರಿಗೈಯಲ್ಲೇ ಆಟೋ ಹತ್ತಿದಳು. ಯಂತ್ರ ಇನ್ನೂ ಕೊರೆಯುತ್ತಲೇ ಇತ್ತು. ಪರದೆಯ ಮೇಲೆ ಮಾತ್ರ ಇನ್ನು ಐದೇ ನಿಮಿಷ ಎಂದು ಬರೆದಿತ್ತು. ಕಂಪ್ಯೂಟರಿಗೇನು, ಅದು ಬೀಗರಿಗೆ ಮುಖ ತೋರಿಸಬೇಕೇ?