ಹಲಗೆಯ ಮೇಲಿನ ಗದ್ದ

ಹಗ್ಗ ಅಂಗೈ ಕಚ್ಚುತ್ತಿದೆ, ಅಭ್ಯಾಸದಲ್ಲಿ ಹೀಗೆ ಕಚ್ಚಿರಲಿಲ್ಲ, ಆಗ ಬಕೆಟ್ಟಿನಲ್ಲಿ ಅರ್ಧ ಕಲ್ಲಿತ್ತು, ಇವತ್ತು ನೋಡುವವರಿದ್ದಾರೆಂದು ಮೇಷ್ಟರು ಕಂಠಮಟ್ಟ ತುಂಬಿಸಿದ್ದಾರೆ, ನೋಡುವವರೆಂದರೆ ಈ ಬೇಸಿಗೆ ಶಿಬಿರಕ್ಕೆ ಬಂದ ದೇಶದೇಶದ ಮಕ್ಕಳ ಅಪ್ಪ ಅಮ್ಮಂದಿರು, ನನ್ನವರಿಲ್ಲ, ನನ್ನ ಟಿಕೆಟ್ಟು ಶಿಬಿರದವರೇ ಕೊಟ್ಟದ್ದು, ಅಪ್ಪ ಅಮ್ಮನಿಗೂ ಕೊಡಲು ಅವರೇನು ನೆಂಟರೇ — ಬಕೆಟ್ಟು ನಮ್ಮ ಮರದ ಕ್ರೇನಿನ ತುದಿಯಲ್ಲಿ ತೂಗುತ್ತಿದೆ, ಅದರ ಕೆಳಗೆ ಪುಟಾಣಿಗಳ ಗುಂಪಿನವರು ಮಾಡಿದ ರಟ್ಟಿನ ಊರು, ಬಂದ ದಿನದಿಂದ ಆ ಪಿಳ್ಳೆಗಳು ಮೂಗು ಸುರಿಸಿಕೊಂಡು ಕತ್ತರಿಸಿ ಅಂಟಿಸಿದ್ದು, ಒಂದೊಂದು ಕಿಟಕಿಗೂ ಹಳದಿ ಕಾಗದ, ಕಲ್ಲನ್ನು ಅದರ ಮೇಲಿಂದ ದಾಟಿಸಿ ಆಚೆ ಇಳಿಸಬೇಕು, ಎತ್ತುವುದು ನನ್ನ ಕೆಲಸ, ಎತ್ತಿದ್ದೇನೆ, ದಾಟಿಸಿ ಇಳಿಸುವುದು ಆ ಬದಿಯಲ್ಲಿ ನಿಂತ ನನ್ನ ಜೋಡಿ ಹುಡುಗನ ಕೆಲಸ, ಹಗ್ಗದ ಇನ್ನೊಂದು ಕೊನೆ ಅವನ ಹತ್ತಿರ, ನಾನು ಬಿಟ್ಟರೆ ಭಾರವೆಲ್ಲ ಅವನ ಕೈಗೆ ಹೋಗುತ್ತದೆ. ಹಿಡಿದೆಯಾ, ಎಂದು ಕೇಳಿದೆ, ಈ ದೇಶದ ಭಾಷೆಯಲ್ಲೇ ಕೇಳಿದೆ. ಹಲಗೆಯ ಮೇಲೆ ಅವನ ಗದ್ದ ಕೆಳಗೆ ಹೋಗಿ ಮೇಲೆ ಬಂತು.

ಹಾಳು ಹಲಗೆ, ಮುಂಚೆ ಇರಲಿಲ್ಲ, ಅಭ್ಯಾಸದಲ್ಲಿ ಅವನ ಕೈ ಕಾಣುತ್ತಿತ್ತು, ಕೈ ಕಂಡರೆ ಮಾತು ಯಾಕೆ ಬೇಕು, ನಿನ್ನೆ ಚಿತ್ರಕಲೆಯ ಟೀಚರು ಬಂದು ಕ್ರೇನು ಬೋಳುಬೋಳಾಗಿದೆ ಎಂದು ಅವನ ಬದಿಗೆ ಬಣ್ಣದ ಹಲಗೆ ಹೊಡೆಸಿ ಹೋದರು, ಮೋಡ, ಹಕ್ಕಿ, ನಗುವ ಸೂರ್ಯ, ಈಗ ಅವನದು ಮುಖ ಮಾತ್ರ ಕಾಣುತ್ತದೆ, ಸೂರ್ಯನ ಮೇಲೆ ಇನ್ನೊಂದು ತಲೆ ಇಟ್ಟ ಹಾಗೆ. ಕೈ ಎಲ್ಲಿದೆಯೋ ದೇವರಿಗೇ ಗೊತ್ತು. ಅಪ್ಪನಿಗೆ ಈ ಹಲಗೆ ತೋರಿಸಿದ್ದರೆ ಮೊದಲು ಸುತ್ತಿಗೆ ಕೇಳುತ್ತಿದ್ದ, ಅಪ್ಪ ಲಿಫ್ಟ್ ರಿಪೇರಿ ಮಾಡುವವನು, ಮೇಲೊಬ್ಬ, ಗುಂಡಿಯಲ್ಲೊಬ್ಬ, ನಡುವೆ ಕತ್ತಲೆ, ಮೇಲಿನವನು ಹಿಡ್ದಾ ಅಂತ ಕೂಗಬೇಕು, ಕೆಳಗಿನವನು ಹಿಡ್ದೆ ಅಂತ ಕೂಗಬೇಕು, ಆ ಕೂಗು ಕಿವಿಗೆ ಬೀಳುವವರೆಗೆ ಯಾರೂ ಏನನ್ನೂ ಬಿಡುವಂತಿಲ್ಲ, ತಲೆ ಆಡ್ಸೋಕೆ ಕೋಲೆಬಸವ ಸಾಕು ಕಣೇ, ನಂಗೆ ಬಾಯಿರೋನು ಬೇಕು, ಅನ್ನುತ್ತಾನೆ ಅಪ್ಪ. ಚಿಕ್ಕಪ್ಪನ ಎರಡು ಬೆರಳು ಹೋದದ್ದು ಹಾಗೇ, ಹೊಸಬನೊಬ್ಬ ಟಾರ್ಚಿನ ಬೆಳಕಲ್ಲಿ ತಲೆ ಆಡಿಸಿದ, ಚಿಕ್ಕಪ್ಪ ಕೈ ಹಾಕಿದ, ಆ ಹುಡುಗ ಇನ್ನೂ ಹಿಡಿದೇ ಇರಲಿಲ್ಲ, ಹಿಡಿಯೋಣ ಅಂದ್ಕೊಂಡು ತಲೆ ಆಡಿಸಿದ್ದ. ಚಿಕ್ಕಪ್ಪ ಈಗ ನಗುತ್ತಾನೆ, ಉಗುರು ಕತ್ತರಿಸೋ ಕೆಲಸ ಕಮ್ಮಿ ಆಯ್ತು ಬಿಡಮ್ಮ ಅನ್ನುತ್ತಾನೆ, ಚಿಕ್ಕಮ್ಮ ನಗುವುದಿಲ್ಲ. ಹಿಡಿದೆಯಾ, ಎಂದೆ ಮತ್ತೆ, ಜೋರಾಗಿ. ಗದ್ದ ಕೆಳಗೆ ಹೋಗಿ ಮೇಲೆ ಬಂತು.

ಬಿಡು, ಅಂದರು ಮೇಷ್ಟರು ಪಕ್ಕದಿಂದ, ಮೆಲ್ಲಗೆ, ಹಲ್ಲು ಕಾಣಿಸುತ್ತ, ತಲೆ ಆಡಿಸಿದನಲ್ಲ, ಬಿಡು. ಮೇಷ್ಟರಿಗೆ ಅವನ ತಲೆ ಗೊತ್ತಿಲ್ಲ. ಅವನಿಗೆ ಉಗ್ಗು, ಮೊದಲ ದಿನ ಹೆಸರು ಹೇಳಲು ನಿಂತು ಹೇಳಲಾರದೆ ಕೂತವನು ಆಮೇಲೆ ಬಾಯಿಗೆ ಬೀಗ ಹಾಕಿಕೊಂಡ, ಎಲ್ಲದಕ್ಕೂ ತಲೆ, ಅಡುಗೆಯವಳು ಇನ್ನಷ್ಟು ಹಾಕಲಾ ಎಂದರೆ ತಲೆ, ಹಾಕುತ್ತಲೇ ಹೋದಳು, ತಿನ್ನುತ್ತಲೇ ಹೋದ, ಆಮೇಲೆ ಮೆಟ್ಟಿಲ ಮೇಲೆ ವಾಂತಿ. ಒಂದು ದಿನ ಮರದ ತುಂಡು ಅವನ ಕಾಲ ಮೇಲೆ ಬಿತ್ತು, ನೋವಾಯ್ತಾ ಎಂದೆ, ತಲೆ ಆಡಿಸಿದ, ಆಗಲಿಲ್ವಾ ಎಂದೆ, ಅದಕ್ಕೂ ಆಡಿಸಿದ. ಫೋನಿನಲ್ಲಿ ಅಪ್ಪನಿಗೆ ಹೇಳಿದ್ದೆ, ನನ್ನ ಜೋಡಿಗೆ ಕೋಲೆಬಸವನೇ ಸಿಕ್ಕಿದಾನಪ್ಪ ಅಂತ, ಅಪ್ಪ ನಗಲಿಲ್ಲ, ಹುಷಾರು ಅಂದ. ನಗಬೇಕಾದವಳು ನಾನೂ ಅಲ್ಲ, ನಾನೇನು ಕಮ್ಮಿ ಕೋಲೆಬಸವನೇ, ಇಲ್ಲಿಯವರ ಮಾತು ಆಲಿಕಲ್ಲು ಬಿದ್ದ ಹಾಗೆ, ಹೆಕ್ಕುವಷ್ಟರಲ್ಲಿ ಕರಗಿರುತ್ತದೆ, ಬಂದ ಮಾರನೇ ದಿನ ಒಬ್ಬಳು ಏನೋ ಕೇಳಿದಳು, ತಲೆ ಆಡಿಸಿದೆ, ಸಂಜೆ ನೋಡಿದರೆ ಯಾರದೋ ಈಜುಡುಗೆ ತೊಟ್ಟು ಕೊಳದ ಅಂಚಿನಲ್ಲಿ ನಡುಗುತ್ತ ನಿಂತಿದ್ದೇನೆ, ಈಜು ಬರುತ್ತಾ ಎಂದು ಕೇಳಿದ್ದಳಂತೆ. ನೀರು ಕುಡಿದದ್ದಾಯಿತು. ಭಾನುವಾರ ಫೋನಿನ ಪರದೆಯಲ್ಲಿ ಅಮ್ಮ, ಹೊಟ್ಟೆ ತುಂಬ ತಿಂತಿದ್ಯಾ, ತಲೆ, ನಿದ್ದೆ ಬರ್ತಿದ್ಯಾ, ತಲೆ, ಎಲ್ಲರೂ ಮಾತಾಡಿಸ್ತಾರಾ, ತಲೆ, ಅಪ್ಪ ಹಿಂದಿನಿಂದ ಬಗ್ಗಿ, ಬಾಯಿಬಿಟ್ಟು ಹೇಳೇ, ಓತಿಕ್ಯಾತದ ಥರ ತಲೆ ಕುಣಿಸ್ಬೇಡ ಅಂದ — ಬಾಯಿ ಬಿಟ್ಟರೆ ಅಳು ಬರುತ್ತಿತ್ತು, ಅದಕ್ಕೇ ಬಿಡಲಿಲ್ಲ. ತಲೆ ಆಡಿಸುವುದೆಂದರೆ ಹೌದು ಅಂತಲ್ಲ, ನನ್ನನ್ನು ಬಿಟ್ಟುಬಿಡಿ, ಮುಂದಿನವರ ಹತ್ತಿರ ಹೋಗಿ ಅಂತ, ಅದು ಆಡಿಸುವವರಿಗೆ ಮಾತ್ರ ಗೊತ್ತು, ನನಗೆ ಗೊತ್ತು, ಅವನಿಗೆ ಗೊತ್ತು, ಈ ಸಭಾಂಗಣದಲ್ಲಿ ಇನ್ನೊಬ್ಬರಿಗೆ ಗೊತ್ತಿಲ್ಲ.

ಹಗ್ಗ ಸ್ವಲ್ಪ ಜಾರಿತು, ಬಕೆಟ್ಟು ಒಂದು ಗೇಣು ಇಳಿಯಿತು, ಪಿಳ್ಳೆಗಳು ಹೋ ಎಂದವು, ಸಮಯ ನೋಡುವ ಸರದಿಯ ಹುಡುಗಿ ಗಂಟೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ, ಗಂಟೆ ಹೊಡೆದರೆ ನಾವು ಸೋತ ಹಾಗೆ, ಹೊಡೆಯಲಿ, ಕೇಳಿದರೆ ಅವನಿಗೆ ಅವಮಾನ, ಕೇಳದೆ ಬಿಟ್ಟರೆ ಊರಿಗೆ ಕಲ್ಲು, ಅವನ ಅಂಗೈ ಸುಲಿದರೆ, ಬೆರಳು ರಾಟೆಗೆ ಸಿಕ್ಕಿದರೆ, ಚಿಕ್ಕಪ್ಪನ ಕೈ ನೆನಪಾಗುತ್ತದೆ, ಲೋಟ ಹಿಡಿಯುವಾಗ ಅದು ಏಡಿಯ ಹಾಗೆ ಕಾಣುತ್ತದೆ. ಯಾರೋ ಹಿಂದೆ ನಕ್ಕರು. ಹುಡುಗಿಗೆ ಭಾಷೆ ಬರಲ್ಲ ಪಾಪ, ಎಂದರು ಇನ್ಯಾರೋ, ಇದು ಮಾತ್ರ ಎಷ್ಟು ಚೆನ್ನಾಗಿ ಅರ್ಥವಾಗುತ್ತದೆ. ಮುಂದಿನ ಸಾಲಿನಲ್ಲಿ ಅವನ ಅಮ್ಮ, ಬಿಳಿ ಅಂಗಿ, ಅರ್ಧ ಎದ್ದಿದ್ದಾಳೆ, ಬಂದಾಗಿನಿಂದ ನೋಡುತ್ತಿದ್ದೇನೆ, ಮಗನನ್ನು ಯಾರು ಏನು ಕೇಳಿದರೂ ಅವಳದೇ ಉತ್ತರ, ಹೆಸರು ಕೇಳಿದರೆ ಅವಳು, ಬಾಯಾರಿಕೆಯಾ ಎಂದರೆ ಅವಳು, ಈಗಲೂ ಅವಳೇ — ಹಿಡಿದಿದ್ದಾನಮ್ಮ, ಹಿಡಿದಿದ್ದಾನೆ, ನೀನು ಬಿಡು. ನಿಮಗೆ ಹೇಗೆ ಕಾಣುತ್ತೆ ಅಮ್ಮ, ನೀವು ಕೂತ ಕಡೆಗೂ ಸೂರ್ಯನೇ ಅಲ್ಲವೇ ಕಾಣುವುದು, ಅವಳು ನಗುತ್ತಲೇ ಇದ್ದಾಳೆ, ನನಗಲ್ಲ, ಸುತ್ತಲಿನವರಿಗೆ. ಅವನ ಗದ್ದ ಕೆಳಗೆ ಹೋಗಿ ಮೇಲೆ ಬಂತು, ನಾನು ಕೇಳಿಯೇ ಇರಲಿಲ್ಲ, ಅಮ್ಮನ ಮಾತಿಗೆ ಆಡಿತು ಅದು, ತಂತಾನೇ.

ಭುಜ ಕಿತ್ತು ಬರುತ್ತಿದೆ. ತಲೆ ಬೇಡ, ಎಂದೆ, ಬಾಯಲ್ಲಿ ಹೇಳು, ತಪ್ಪುತಪ್ಪಾಗಿ ಅಂದಿರಬೇಕು, ವ್ಯಾಕರಣ ಹಾಳಾಗಲಿ, ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಹಿಡ್ಕೊಂಡೇ ಇರ್ತೀನಿ — ಕೊನೆಯದನ್ನು ನಮ್ಮ ಭಾಷೆಯಲ್ಲೇ ಅಂದುಬಿಟ್ಟೆ, ಅವನಿಗೆ ಅರ್ಥವಾಗಲು ದಾರಿಯೇ ಇಲ್ಲ, ಆದರೂ ಅವನು ಅಮ್ಮನನ್ನು ಬಿಟ್ಟು ನನ್ನ ಕಡೆ ನೋಡಿದ. ಗದ್ದ ಕೆಳಗೆ ಹೊರಟಿತು, ಅರ್ಧಕ್ಕೆ ನಿಂತಿತು. ಗಂಟಲು ಏರುತ್ತಿದೆ, ತುಟಿ ಒಂದಕ್ಕೊಂದು ಅಂಟಿ ಬಿಡಿಸಿಕೊಳ್ಳುತ್ತಿದೆ, ಕಣ್ಣು ಮುಚ್ಚಿದ, ಇ ಎಂದ, ಇ ಇ ಎಂದ, ಅವನ ಅಮ್ಮ ಬಾಯಿ ತೆರೆದಳು, ಸುಮ್ನಿರಿ ಎಂದು ಕಿರುಚಿದ್ದು ನಾನೇ ಇರಬೇಕು, ಗಂಟೆ ಹೊಡೆಯಿತು, ಹೊಡೆದದ್ದಾಯಿತು, ಸೋತೆವು, ಅವನು ಗಂಟೆ ಕೇಳಿಸಿಕೊಳ್ಳದವನ ಹಾಗೆ ಇನ್ನೂ ಇ ಇ ಎನ್ನುತ್ತಲೇ ಇದ್ದಾನೆ, ಕುತ್ತಿಗೆ ಕೆಂಪಾಗಿ, ಆಮೇಲೆ ಇಲ್ಲ ಎಂದ, ಇಷ್ಟು ದೊಡ್ಡ ದನಿ ಎಲ್ಲಿತ್ತೋ, ಇಲ್ಲ, ಹಿಡಿದಿಲ್ಲ, ಹಗ್ಗ ಸಿಕ್ಕು ಬಿದ್ದಿದೆ — ಯಾರೂ ನಗುತ್ತಿಲ್ಲ, ಮೇಷ್ಟರು ಹಲಗೆಯ ಹಿಂದಕ್ಕೆ ಓಡುತ್ತಿದ್ದಾರೆ, ನನ್ನ ಕೈಯಲ್ಲಿ ಹಗ್ಗ ಇದೆ, ಹಲಗೆಯ ಮೇಲೆ ಅವನ ಗದ್ದ, ಎತ್ತಿದ ಗದ್ದ, ಅಲುಗುತ್ತಿಲ್ಲ.